‘ಲೊಂಗ್ ದ್ಯುರೇ’: ದೀರ್ಘಾವಧಿಯೋ, ನಿಡುಗಾಲವೋ?

ಪ್ರಶ್ನೆ: ಫ್ರೆಂಚ್ ಇತಿಹಾಸಕಾರ ಫೆರ್ನಾಂ ಬ್ರೊದೆಲ್ ಬಗೆಗಿನ ಪರಿಚಯ ಲೇಖನವೊಂದರ ಅನುವಾದದಲ್ಲಿ ಮೂರು ಕಡೆ ಅನುಮಾನವಿದೆ. ಇತಿಹಾಸದ ಕಾಲವನ್ನು ಕುರಿತ ಅವರ ಪರಿಕಲ್ಪನೆ ‘ಲೊಂಗ್ ದ್ಯುರೇ’ಗೆ ‘ದೀರ್ಘಾವಧಿ’ ಎಂದು ಹಾಕಿದೆ. ‘ಕೊಂಜೊಂಕ್ತ್ಯುರ್’ಗೆ ‘ಸಂಧಿಕಾಲ’ ಎಂದಿದೆ. ಇನ್ನೊಂದು, ‘1923ರಿಂದ 1932ರವರೆಗೆ ವಿದೇಶದಲ್ಲಿ, ಅಂದರೆ ಅಲ್ಜೀರಿಯಾದಲ್ಲಿ, ಪ್ರಾಧ್ಯಾಪಕರಾಗಿದ್ದರು’ ಎಂಬ ವಾಕ್ಯ. ಬಲ್ಲವರು ತಿಳಿಸಬೇಕು.

ಉತ್ತರ: ಕೊನೆಯದನ್ನು ಮೊದಲು ಮುಗಿಸಿಬಿಡೋಣ. ಆ ಒಂದು ವಾಕ್ಯದಲ್ಲಿ ಎರಡು ತಪ್ಪಿವೆ. ಫ್ರೆಂಚರು ಹೈಸ್ಕೂಲು ಮೇಷ್ಟ್ರನ್ನೂ ‘ಪ್ರೊಫೆಸರ್’ ಎಂದೇ ಕರೆಯುತ್ತಾರೆ. ಬ್ರೊದೆಲ್ ಅಲ್ಜೀರಿಯಾದ ಕಾನ್‌ಸ್ಟಂಟೀನ್ ಊರಿನಲ್ಲೂ ಆಮೇಲೆ ಅಲ್ಜೀರ್ಸ್‌ನಲ್ಲೂ ಪಾಠ ಹೇಳಿದ್ದು ‘ಲಿಸೇ’ಯಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ಹೈಸ್ಕೂಲು, ಪಿಯುಸಿ ಮಟ್ಟದಲ್ಲಿ. ಅಲ್ಲಿ ‘ಅಧ್ಯಾಪಕ’ ಎಂದರೆ ಸಾಕು. ಇನ್ನು ‘ವಿದೇಶ’. ಅಲ್ಜೀರಿಯಾದ ಉತ್ತರ ಭಾಗವನ್ನು ಆಗ ಫ್ರಾನ್ಸಿನ ಜಿಲ್ಲೆಗಳೆಂದೇ ಲೆಕ್ಕ ಹಿಡಿಯುತ್ತಿದ್ದರು. ಅಲ್ಜೀರಿಯನ್ನರು ಒಪ್ಪಲಿ ಬಿಡಲಿ, ಸರ್ಕಾರಿ ಕಾಗದದಲ್ಲಿ ಅದು ವಿದೇಶವಾಗಿರಲಿಲ್ಲ.

ನಿಜವಾದ ವಿದೇಶ ಅಂದರೆ ಬ್ರೆಜಿಲ್. 1934ರಲ್ಲಿ ಶುರುವಾದ ಸಾವೊ ಪಾಲೊ ವಿಶ್ವವಿದ್ಯಾಲಯ ಫ್ರಾನ್ಸಿನಿಂದ ಅಧ್ಯಾಪಕರನ್ನು ಕರೆಸಿಕೊಂಡಿತು. ಬ್ರೊದೆಲ್ ಅಲ್ಲಿದ್ದದ್ದು 1935ರಿಂದ 1937ರವರೆಗೆ. ಮಾನವಶಾಸ್ತ್ರಜ್ಞ ಕ್ಲೋದ್ ಲೆವಿ-ಸ್ತ್ರೋಸ್ ಕೂಡ ಆಗ ಅಲ್ಲೇ ಇದ್ದರು. ‘ಪ್ರಾಧ್ಯಾಪಕ’ ಒಪ್ಪುವುದು ಇಲ್ಲಿಗೆ. ಮೆಡಿಟರೇನಿಯನ್ ಸುತ್ತಿನ ಪತ್ರಾಗಾರಗಳಲ್ಲಿ ಹಳೆಯ ಸಿನಿಮಾ ಕ್ಯಾಮೆರಾ ಹಿಡಿದು ಕಡತದ ಪುಟ ಒಂದೊಂದನ್ನೂ ತೆಗೆದು, ಆ ರೀಲುಗಳನ್ನು ಅವರು ಬ್ರೆಜಿಲಿನಲ್ಲಿ ಕೂತು ಓದುತ್ತಿದ್ದರು. ಇದನ್ನು ‘ದಾಖಲೆಗಳನ್ನು ಚಿತ್ರೀಕರಿಸಿದರು’ ಎಂದು ಬರೆದರೆ ಸಾಕ್ಷ್ಯಚಿತ್ರ ತೆಗೆದರೇನೋ ಅನ್ನಿಸುತ್ತದೆ. ‘ಪುಟಗಳ ಫೋಟೊ ತೆಗೆದರು’ ಅನ್ನಿ.

ಈಗ ‘ದೀರ್ಘಾವಧಿ’. ಕನ್ನಡದ ‘ಅವಧಿ’ಯೊಳಗೆ ಗಡುವು ಕೂತಿದೆ. ಶಾಸಕರ ಅವಧಿ, ಅವಧಿ ಮೀರಿದ ಮಾತ್ರೆ, ದೀರ್ಘಾವಧಿ ಸಾಲ. ದೀರ್ಘಾವಧಿ ತಳಿಯ ಭತ್ತವೂ ಐದಾರು ತಿಂಗಳಲ್ಲಿ ಕೊಯ್ಲಿಗೆ ಬಂದುಬಿಡುತ್ತದೆ. ಬ್ರೊದೆಲ್ ಹೇಳುವ ಕಾಲಕ್ಕೆ ಇಂಥ ಗಡುವಿಲ್ಲ. ಬೆಟ್ಟ, ಬಯಲು, ಗಾಳಿ, ಹಡಗಿನ ದಾರಿ ಇವು ಮನುಷ್ಯರ ಬದುಕಿಗೆ ಹಾಕಿದ ಚೌಕಟ್ಟು ಶತಮಾನಗಟ್ಟಲೆ ಕದಲದೆ, ಕದಲಿದರೂ ಕಣ್ಣಿಗೆ ಬೀಳದಷ್ಟು ನಿಧಾನವಾಗಿ ಕದಲುತ್ತಾ ಇರುವುದು ಅವರ ‘ಲೊಂಗ್ ದ್ಯುರೇ’.

ವಾಕ್ಯದಲ್ಲಿಟ್ಟು ನೋಡಿದರೆ ತೊಡಕು ಸ್ಪಷ್ಟವಾಗುತ್ತದೆ. ಮೆಡಿಟರೇನಿಯನ್ ಕುರಿಗಾರರು ಬೇಸಗೆಯಲ್ಲಿ ಮಂದೆಯನ್ನು ಬೆಟ್ಟಕ್ಕೆ ಹತ್ತಿಸಿ, ಚಳಿ ಬಂದಾಗ ಬಯಲಿಗೆ ಇಳಿಸುತ್ತಾರೆ. ‘ಮಂದೆಗಳ ಈ ಸಂಚಾರ ದೀರ್ಘಾವಧಿಯಲ್ಲಿ ನಡೆಯಿತು’ ಎಂದರೆ ಹೋಗಿ ಮುಟ್ಟಲು ಬಹಳ ದಿನ ಹಿಡಿಯಿತು ಎಂದಾಗುತ್ತದೆ. ‘ಮಂದೆಗಳ ಈ ಸಂಚಾರ ನಿಡುಗಾಲಕ್ಕೆ ಸೇರಿದ್ದು’ ಎಂದರೆ ಅರ್ಥ ನೇರವಾಗಿ ಬರುತ್ತದೆ. ಆದ್ದರಿಂದ ನನ್ನ ಓಟು ‘ನಿಡುಗಾಲ’ಕ್ಕೆ. ನಿಡುಸುಯ್ಲಿನ ‘ನಿಡು’, ಮಳೆಗಾಲ ಬರಗಾಲಗಳ ‘ಗಾಲ’, ಎರಡೂ ನಮ್ಮ ಬಳಕೆಯವೇ. ಮಳೆಗಾಲ ಒಮ್ಮೆ ಬಂದು ಮುಗಿದುಹೋಗುವುದಲ್ಲ, ವರ್ಷವರ್ಷವೂ ಮರಳುವುದು. ಬ್ರೊದೆಲ್ ಅವರ ನಿಧಾನದ ಕಾಲವೂ ಹೀಗೆ ಮರುಕಳಿಸುತ್ತಲೇ ನಿಂತಿರುವಂಥದ್ದು.

ವರ್ಷದ ವಿಷಯದಲ್ಲೂ ಜೋಪಾನ. ಮೆಡಿಟರೇನಿಯನ್ ಕುರಿತ ಅವರ ಮಹಾಗ್ರಂಥ ಬಂದದ್ದು 1949ರಲ್ಲಿ. ಅದರ ಮೊದಲ ಕರಡನ್ನು ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಜರ್ಮನಿಯ ಮೈಂಜ್, ಲ್ಯೂಬೆಕ್ ಸೆರೆಶಿಬಿರಗಳಲ್ಲಿ ಬರೆದಿದ್ದರು. ಆದರೆ ‘ಲೊಂಗ್ ದ್ಯುರೇ’ ಎಂಬುದನ್ನೇ ವಿಷಯವಾಗಿಟ್ಟು ವಾದ ಹೂಡಿದ್ದು ‘ಅನಾಲ್’ ಎಂಬ ಫ್ರೆಂಚ್ ಇತಿಹಾಸ ಪತ್ರಿಕೆಯ 1958ರ ಲೇಖನದಲ್ಲಿ. ಅನುವಾದಗಳಲ್ಲಿ ಇವೆರಡನ್ನೂ ಕಲಸಿಬಿಡುವುದು ಮಾಮೂಲು.

‘ಸಂಧಿಕಾಲ’ವನ್ನು ಖಂಡಿತ ತೆಗೆಯಿರಿ. ಕನ್ನಡದಲ್ಲಿ ಅದು ಎರಡು ಯುಗಗಳ ನಡುವಿನ ಹೊಸ್ತಿಲು. ಫ್ರೆಂಚ್ ಪತ್ರಿಕೆಗಳು ‘ಕೊಂಜೊಂಕ್ತ್ಯುರ್’ ಎನ್ನುವುದು ಆರ್ಥಿಕ ಸ್ಥಿತಿಗತಿಗೆ. ಬ್ರೊದೆಲ್ ಅದರಲ್ಲಿ ಬೆಲೆ, ಕೂಲಿ, ಜನಸಂಖ್ಯೆಗಳ ಏರಿಳಿತವನ್ನು ನೋಡುತ್ತಾರೆ. ಹತ್ತು ವರ್ಷ, ಇಪ್ಪತ್ತೈದು ವರ್ಷ, ಹೆಚ್ಚೆಂದರೆ ರಷ್ಯದ ಅರ್ಥಶಾಸ್ತ್ರಜ್ಞ ಕೊಂದ್ರಾತಿಯೆವ್ ಹೇಳಿದ ಐವತ್ತು ವರ್ಷದ ಸುತ್ತು. ‘ಏರಿಳಿತ’ ಎಂದೇ ಬರೆದರೆ ಯಾರಿಗೂ ಗೊಂದಲವಾಗದು.

ಬ್ರೊದೆಲ್ ಕಾಲವನ್ನು ಮೂರು ಪದರಗಳಲ್ಲಿ ನೋಡುತ್ತಾರೆ. ನಿಡುಗಾಲ, ಏರಿಳಿತಗಳ ಮೇಲಿನ ಮೂರನೆಯ ಪದರ ‘ಘಟನೆ’. ಇಲ್ಲಿ ‘ಘಟನಾತ್ಮಕ ಇತಿಹಾಸ’ ಎಂದು ಬಿಗಿಯಬೇಡಿ, ‘ಘಟನೆಗಳ ಚರಿತ್ರೆ’ ಸಾಕು. ಈ ಹೆಸರೂ ಅವರ ಸ್ವಂತದ್ದಲ್ಲ, ಫ್ರೆಂಚ್ ಅರ್ಥಶಾಸ್ತ್ರಜ್ಞ ಫ್ರಾನ್ಸ್ವಾ ಸಿಮಿಯಾಂ ಅವರಿಂದ ಪಡೆದದ್ದೆಂದು ಅವರೇ ಹೇಳಿದ್ದಾರೆ. ಘಟನೆ ಅಂದರೆ ಅವರಿಗೇನೆಂದು ತಿಳಿಯಲು ಬ್ರೆಜಿಲಿನ ಒಂದು ಹೋಲಿಕೆ ಸಾಕು. ಅಲ್ಲಿನ ಬಯೀಯ (ಬಹಿಯಾ) ಎಂಬಲ್ಲಿಗೆ ಹತ್ತಿರ ಒಂದು ಇರುಳು ಮಿಂಚುಹುಳುಗಳ ಹಿಂಡು ಸುತ್ತಲೂ ಹೊಳೆದು ಆರುತ್ತಿತ್ತಂತೆ. ಅಷ್ಟು ಬೆಳಕಿದ್ದೂ ಕತ್ತಲು ಮಾತ್ರ ಹರಿಯಲಿಲ್ಲ. ಇದನ್ನು ಅವರು 1950ರಲ್ಲಿ ಪ್ಯಾರಿಸ್ಸಿನ ಉನ್ನತ ವಿದ್ಯಾಸಂಸ್ಥೆ ಕೊಲೇಜ್ ದ ಫ್ರಾನ್ಸ್‌ನ ತಮ್ಮ ಮೊದಲ ಉಪನ್ಯಾಸದಲ್ಲಿ ಹೇಳಿದ್ದು. ಅನುವಾದದಲ್ಲಿ ‘ಮಿಂಚುಹುಳು’ ಎಂದೇ ಇರಲಿ. ‘ಖದ್ಯೋತ’ ಎಂದು ಬರೆದರೆ ಆ ಮಿಣುಕು ಅರ್ಥಕೋಶದಲ್ಲೇ ಆರಿಹೋಗುತ್ತದೆ.

ಪ್ರಶ್ನೆ: ಧನ್ಯವಾದ ಸರ್. ಆದರೆ ‘ನಿಡುಗಾಲ’ ಎಂದರೆ ಉದ್ದ ಕಾಲಿನವನು ಎಂದು ಓದಿಕೊಳ್ಳುವುದಿಲ್ಲವೇ? ಹೆಸರಿನಲ್ಲೂ ಕೆಲವರು ‘ಬ್ರಾಡೆಲ್’ ಎನ್ನುತ್ತಾರಲ್ಲ?

ಉತ್ತರ: ಒಂಟಿಯಾಗಿ ಬಿಟ್ಟರೆ ಓದಿಯಾರು, ಹಳಗನ್ನಡ ಬಲ್ಲವರು ಮೊದಲಿಗೆ ನಕ್ಕಾರು. ಮೊದಲ ಸಲ ‘ನಿಡುಗಾಲದ ಚರಿತ್ರೆ’ ಎಂದು ಬರೆದು, ಪಕ್ಕದಲ್ಲಿ ‘ಲೊಂಗ್ ದ್ಯುರೇ’ ಕೊಡಿ. ಮುಂದೆ ‘ನಿಡುಗಾಲ’ ಎಂದಷ್ಟೇ ನಡೆಸಿ. ಹೆಸರಿನ ‘ಬ್ರಾಡೆಲ್’, ‘ಬ್ರೌಡೆಲ್’ ಇಂಗ್ಲಿಷ್ ಕಾಗುಣಿತ ನೋಡಿ ಓದಿದವು. ಫ್ರೆಂಚಿನ ‘ಎಯು’ (au) ಜೋಡಿ ‘ಒ’ ಆಗುತ್ತದೆ, ಅವರ ‘ಡಿ’ ಹಲ್ಲಿಗೆ ತಾಗುವ ‘ದ’. ದ, ಡ ಎರಡೂ ಇರುವ ನಮಗೆ ‘ಬ್ರೊದೆಲ್’ ಬರೆಯಲು ಏನು ಕಷ್ಟ? ಇದೇ ಲೇಖನದಲ್ಲಿ ಅವರ ಗುರುಸಮಾನ, ಇತಿಹಾಸಕಾರ ಲ್ಯೂಸಿಯಾಂ ಫೆವ್ರ್ (Febvre) ಬಂದರೆ, ಕಾಗುಣಿತದಲ್ಲಿರುವ ‘ಬ’ ಉಚ್ಚಾರದಲ್ಲಿ ಇಲ್ಲ, ಬಿಟ್ಟುಬಿಡಿ.

ನಿಮ್ಮ ವಾಕ್ಯವನ್ನು ಹೀಗೆ ತಿದ್ದಬಹುದು: ‘1923ರಿಂದ 1932ರವರೆಗೆ ಫ್ರೆಂಚ್ ಆಳ್ವಿಕೆಯ ಅಲ್ಜೀರಿಯಾದ ಲಿಸೇಗಳಲ್ಲಿ ಅಧ್ಯಾಪಕರಾಗಿದ್ದು, 1935ರಲ್ಲಿ ಬ್ರೆಜಿಲಿನ ಸಾವೊ ಪಾಲೊ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು.’