ತಾತನ ರಿವಾಲ್ವರ್, ಖಾಲಿ ತೋಟೆ: ಮತ್ತೆ ಮದ್ದು ತುಂಬಿಸಬಹುದಾ?

ಪ್ರಶ್ನೆ (ಬೆಳೆಗಾರ, ಸಕಲೇಶಪುರ ತಾಲ್ಲೂಕು):
ಸಾರ್, ನಮ್ಮ ತಾತ ಮಿಲಿಟರಿಯಲ್ಲಿದ್ದೋರು. ಅವರ ರಿವಾಲ್ವರ್ ಒಂದು ಮನೇಲಿದೆ. ಬದಿಯಲ್ಲಿ ಕಿರೀಟ, ಅದರ ಕೆಳಗೆ ಎನ್‌ಫೀಲ್ಡ್ ನಂ. 2 ಮಾರ್ಕ್ 1 ಅಂತ ಕೊರೆದಿದೆ. ಲೈಸೆನ್ಸ್ ಅಪ್ಪನ ಹೆಸರಲ್ಲಿತ್ತು, ಅಪ್ಪ ಈಚೆಗೆ ತೀರಿಕೊಂಡರು. ಜೊತೆಗೆ ಒಂದು ಬೊಗಸೆ ಹಳೇ ತೋಟೆ ಇವೆ, ಅದರಲ್ಲಿ ಅರ್ಧ ಖಾಲಿ. ಈ ತೋಟೆ ಅಂಗಡೀಲಿ ಸಿಗ್ತಿಲ್ಲ. ಪರಿಚಯದವರೊಬ್ಬರು ‘ಖಾಲಿ ತೋಟೆ ಕೊಡಿ, ಕೇಪು ಬದಲಿಸಿ ಮದ್ದು ತುಂಬಿಕೊಡ್ತೀನಿ’ ಅಂತಿದಾರೆ. ಕೊಡಬಹುದಾ?

ಉತ್ತರ (ಕೋವಿ ರಿಪೇರಿಯವರು, ಹಾಸನ, ಸೇನೆಯ ನಿವೃತ್ತ ಆರ್ಮರರ್):
ಕೊಡಬೇಡಿ ಗೌಡ್ರೇ. ಕಾನೂನಿನ ಮಾತು ಆಮೇಲೆ, ಮೊದಲು ತೋಟೆಯ ಕಥೆ ಕೇಳಿ.

ಒಂದು ಖಾಲಿ ತೋಟೆ ತಗೊಂಡು ಬಾಯಿಯ ಕಡೆಯಿಂದ ಟಾರ್ಚ್ ಬಿಟ್ಟು ನೋಡಿ. ಕೇಪು, ಅಂದ್ರೆ ಮದ್ದಿಗೆ ಕಿಡಿ ಹಚ್ಚುವ ತಳದ ಬಿಲ್ಲೆ, ಕೂರಿಸೋದರಲ್ಲಿ ಎರಡು ನಮೂನೆ. ತಳದಲ್ಲಿ ನಡುಮಧ್ಯ ಒಂದೇ ತೂತಿದ್ದರೆ ಅದು ಬಾಕ್ಸರ್ ನಮೂನೆ. ನಡುವೆ ಸಣ್ಣ ಗುಬುಟು, ಅದರ ಆಚೀಚೆ ಎರಡು ಪುಟ್ಟ ತೂತಿದ್ದರೆ ಬರ್ಡನ್. ಹಿತ್ತಾಳೆಯ ಹಿಂಬದಿಯಲ್ಲಿ ‘ಕೆ.ಎಫ್.’ ಅಂತ ಇಂಗ್ಲಿಷ್ ಅಕ್ಷರ ಇದ್ದರೆ ಅದು ಪುಣೆ ಹತ್ತಿರದ ಕಿರ್ಕಿ ಕಾರ್ಖಾನೆಯ ಮಾಲು. ಬ್ರಿಟಿಷ್ ಮಿಲಿಟರಿ ತೋಟೆ ಸಾಮಾನ್ಯವಾಗಿ ಬರ್ಡನ್ನೇ. ತಮಾಷೆ ನೋಡಿ, ಬರ್ಡನ್ ಅಮೆರಿಕದವನು, ಬಾಕ್ಸರ್ ಬ್ರಿಟಿಷ್ ಕರ್ನಲ್. ಕೊನೆಗೆ ಅಮೆರಿಕದವರು ಬಾಕ್ಸರ್ ಹಿಡಿದರು, ಬ್ರಿಟಿಷ್ ಸೇನೆ ಬರ್ಡನ್ ಹಿಡಿಯಿತು. ಬರ್ಡನ್ ತೋಟೆಯ ಹಳೇ ಕೇಪನ್ನು ಒಳಗಿಂದ ಕಡ್ಡಿ ಹಾಕಿ ತಳ್ಳಲು ಬರೋಲ್ಲ. ಸರಿಹೊಂದುವ ಹೊಸ ಕೇಪು ಸಿಗೋದೂ ಕಷ್ಟ. ಹಾಗಿದ್ದೂ ‘ಮಾಡ್ಕೊಡ್ತೀನಿ’ ಅನ್ನೋನು ಏನು ಮಾಡ್ತಾನೆ ಅಂತ ನನಗೆ ಗೊತ್ತು. ಪಟಾಕಿ ಕೇಪಿನ ಮದ್ದು ಕೆರೆದು ತುಂಬ್ತಾನೆ.

ಎರಡನೇದು ಹಿತ್ತಾಳೆ. ಹಳೇ ಕಾಲದ ಕೆಲವು ಕೇಪುಗಳಲ್ಲಿ ಪಾದರಸದ ಮದ್ದಿರುತ್ತಿತ್ತು. ಈಡು ಹೊಡೆದಾಗ ಪಾದರಸ ಹಿತ್ತಾಳೆಯೊಳಗೆ ಇಳಿದು ಅದನ್ನು ಪೆಳಸು ಮಾಡುತ್ತೆ. ಹೊರಗೆ ಫಳಫಳ ಅಂತಿದ್ದ ತೋಟೆ ಎರಡನೇ ಸಲ ತಳದಲ್ಲೇ ಸೀಳುತ್ತೆ.

ಮೂರನೇದೇ ದೊಡ್ಡ ಅಪಾಯ: ಮದ್ದಿನ ಅಳತೆ. ನಿಮ್ಮ ರಿವಾಲ್ವರ್‌ನ ಈ .38 ತೋಟೆಗೆ (ಸೇನೆಯ ಲೆಕ್ಕದಲ್ಲಿ .380) ಬೇಕಾಗುವ ಹೊಗೆರಹಿತ ಮದ್ದು ತುಂಬಾ ಕಮ್ಮಿ, ಒಳಗೆ ಜಾಗ ಮಿಕ್ಕೇ ಇರುತ್ತೆ. ಕೈತಪ್ಪಿ ಎರಡು ಸಲ ಬಿದ್ದರೂ ಹೊರಗೆ ಚೆಲ್ಲೋಲ್ಲ, ಕಣ್ಣಿಗೂ ಕಾಣೋಲ್ಲ. ನಿಮ್ಮ ರಿವಾಲ್ವರ್ ನಡುವೆ ಮಡಿಚಿ ತೆರೆಯುವ ಜಾತಿ; ಮೇಲಿನ ಚಿಲಕ, ಕೆಳಗಿನ ಕೀಲು ಎರಡೇ ಎಲ್ಲ ಒತ್ತಡ ತಡೀಬೇಕು. ಅಳತೆ ಕಮ್ಮಿಯಾದರೂ ಕಷ್ಟವೇ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತೆ, ‘ಟುಸ್’ ಅಂತು ಅಂತ ಇನ್ನೊಂದು ಈಡು ಹೊಡೆದರೆ ನಳಿಗೆ ಉಬ್ಬುತ್ತೆ ಇಲ್ಲಾ ಒಡೆಯುತ್ತೆ.

ಈಗ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಗೆ ಅದಕ್ಕೆಂದೇ ಲೈಸೆನ್ಸ್ ಬೇಕು. ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ತಯಾರಿಸುವ ಲೈಸೆನ್ಸ್ ಬೇರೆ. 2019ರ ತಿದ್ದುಪಡಿ ಆದಮೇಲೆ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ.

ಇನ್ನೂ ಮುಖ್ಯವಾದದ್ದು: ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ರಿವಾಲ್ವರ್ ನಿಮ್ಮ ಮನೇಲಿ ಇರುವ ಹಾಗಿಲ್ಲ. ತಡ ಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ರವೋ ಜಮಾ ಮಾಡಿ. ರಸೀದಿಯಲ್ಲಿ ರಿವಾಲ್ವರ್ ನಂಬರ್ ಜೊತೆ ತುಂಬಿದ ತೋಟೆ ಎಷ್ಟು, ಖಾಲಿ ಎಷ್ಟು ಅಂತ ಬರೆಸಿ. ಆಮೇಲೆ ವಾರಸುದಾರ ಅಂತ ಅರ್ಜಿ ಹಾಕಿ. ಸೇನೆಯ .380 ತೋಟೆ ಹಿಡಿಯುವ ಕಾರಣ ಇದು ಪ್ರೊಹಿಬಿಟೆಡ್ ಬೋರ್, ಅಂದ್ರೆ ಮಾಮೂಲಿ ಲೈಸೆನ್ಸಿಗೆ ಸಿಗದ ನಿಷೇಧಿತ ಜಾತಿ. ಡಿಸಿ ಆಫೀಸಿನಲ್ಲೇ ಮುಗಿಯೋಲ್ಲ, ಕೇಂದ್ರ ಗೃಹ ಸಚಿವಾಲಯದ ತನಕ ಹೋಗುತ್ತೆ.

ಪ್ರಶ್ನೆ (ಮೂಡಿಗೆರೆ):
ಅಣ್ಣಾ, ಅದೂ .38, ಈಗಿನ .38 ಸ್ಪೆಷಲ್ ಕೂಡ .38. ಅದನ್ನೇ ಹಾಕಿದ್ರೆ ಆಗಲ್ವಾ?

ಉತ್ತರ:
ಹೆಸರಷ್ಟೇ ಒಂದು. ಎನ್‌ಫೀಲ್ಡ್‌ನದು ಗಿಡ್ಡ, ಸ್ವಲ್ಪ ದಪ್ಪ, ಗುಂಡಿನ ವ್ಯಾಸ .361 ಇಂಚು. ಸ್ಪೆಷಲ್ ಉದ್ದ, ತೆಳು, ಗುಂಡು .357. ಸಾಮಾನ್ಯವಾಗಿ ಅರ್ಧ ಹೋಗಿ ನಿಲ್ಲುತ್ತೆ. ಸ್ಪೆಷಲ್ ಹಿಡಿಸಲಿ ಅಂತಲೇ ಕೊರೆದು ಬಿಟ್ಟ ರಿವಾಲ್ವರ್‌ಗಳೂ ಇವೆ, ಅದು ಇನ್ನೂ ಕೆಟ್ಟದ್ದು. ಹಳೇ ತೋಟೆಯ ಒತ್ತಡದ ಮಿತಿ ಚದರ ಇಂಚಿಗೆ 14,500 ಪೌಂಡ್, ಸ್ಪೆಷಲ್‌ನದು 17,000. ಅಮೆರಿಕದಲ್ಲಿ ಬ್ರಿಟಿಷ್ ಸೇನೆ ಬಳಸಿ ಬಿಟ್ಟ .455 ವೆಬ್ಲಿ ರಿವಾಲ್ವರ್‌ಗಳ ಸಿಲಿಂಡರ್ ಅರೆದು, ಅಮೆರಿಕದ ಪಿಸ್ತೂಲಿನ .45 ಎಸಿಪಿ ತೋಟೆ ಹಾಕುವ ಹಾಗೆ ಮಾಡಿ ಮಾರಿದರು. ಅದರಲ್ಲಿ ಫ್ಯಾಕ್ಟರಿ ತೋಟೆ ಹೊಡೆದು ಸಿಲಿಂಡರ್ ಸೀಳಿಸಿಕೊಂಡವರಿದ್ದಾರೆ.

ಪ್ರಶ್ನೆ (ಕೊಡ್ಲಿಪೇಟೆ ಗಡಿ ಕಡೆ):
ನಮ್ಮ ನೆಂಟರು ಕೊಡಗಿನೋರು, ಅವರಿಗೆ ಕೋವಿಗೆ ಲೈಸೆನ್ಸೇ ಬೇಡವಂತೆ. ಅವರ ಮನೇಲಿಟ್ಟರೆ?

ಉತ್ತರ:
ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ, ಅವರ ಸ್ವಂತ ಕೋವಿಗೆ. ಹಾಸನದವರ ರಿವಾಲ್ವರ್ ಬಚ್ಚಿಡೋದಕ್ಕಲ್ಲ. ನೆಂಟರನ್ನು ಸಿಕ್ಕಿಸಬೇಡಿ.

ಪ್ರಶ್ನೆ (ಆಲೂರು):
ಸಾರ್, ನಮ್ಮದು ಲೈಸೆನ್ಸ್ ಇರುವ ಜೋಡು ನಳಿಗೆ, ಇಂಗ್ಲಿಷ್ ಮಾಲು. ನಳಿಗೆ ಮೇಲೆ ಹಾವಿನ ಪೊರೆ ಥರ ಗೆರೆ ಇದೆ. ಹೊಸ ಹನ್ನೆರಡು ಬೋರ್ ತೋಟೆ ಹಾಕ್ಬಹುದಾ?

ಉತ್ತರ:
ಗೆರೆ ಇದ್ದರೆ ಡಮಾಸ್ಕಸ್ ನಳಿಗೆ ಇರಬೇಕು: ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ಕರಿಮದ್ದಿನ ಕಾಲದ್ದು. ಸುತ್ತಿನ ಸಂದಿಯಲ್ಲಿ ಒಳಗೆ ತುಕ್ಕು ಕೂತಿದ್ದರೆ ಹೊರಗಿಂದ ಗೊತ್ತಾಗೋಲ್ಲ. ಆ ಕಾಲದ ಕೋವಿಗಳಲ್ಲಿ ತೋಟೆ ಕೂರುವ ಕೋಣೆ ಬಹುತೇಕ 65 ಮಿಲಿಮೀಟರ್, ಈಗಿನ ತೋಟೆ 70. ಕೋವಿ ಮುಚ್ಚುವಾಗ ಸಲೀಸಾಗಿ ಹೋಗುತ್ತೆ, ಯಾಕಂದ್ರೆ ತುದಿ ಮಡಿಚಿರುತ್ತೆ. ಸಿಡಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತೆ. ಕೋಣೆ ಅಳೆದು, ನಳಿಗೆಯ ಅಡಿಯ ಪ್ರೂಫ್ ಗುರುತು (ಹೆಚ್ಚು ಒತ್ತಡಕ್ಕೆ ಪರೀಕ್ಷಿಸಿ ಹಾಕಿದ ಮುದ್ರೆ) ನೋಡದೆ ಹೊಡೀಬೇಡಿ. ಅಳತೆ ನೋಡೋಕೆ ಕಾಲು ಗಂಟೆ ಸಾಕು, ಲೈಸೆನ್ಸ್ ಪುಸ್ತಕ ಸಮೇತ ತನ್ನಿ.

ಮೊದಲ ಪ್ರಶ್ನೆಯವರು ಮತ್ತೆ:
ತುಂಬಿರುವ ಹಳೇ ತೋಟೆಗಳನ್ನ ಜಮಾ ಮಾಡೋವರೆಗೆ ಹೇಗಿಡೋದು? ಎರಡರ ಕತ್ತಿನ ಹತ್ರ ಹಸಿರು ಹಿಡಿದಿದೆ. ಆಮೇಲೆ, ರಿವಾಲ್ವರ್ ಒಳಗೆ ತುಕ್ಕು ಚುಕ್ಕಿ ಇದೆ.

ಉತ್ತರ:
ಉಜ್ಜಬೇಡಿ, ಬಿಚ್ಚಬೇಡಿ, ಬಿಸಿಲಿಗೂ ಒಲೆಯ ಅಟ್ಟಕ್ಕೂ ಇಡಬೇಡಿ. ರಿವಾಲ್ವರ್‌ನಿಂದ ಬೇರೆ ಮಾಡಿ ಒಣ ಡಬ್ಬಿಯಲ್ಲಿಡಿ. ಹಸಿರು ಹಿಡಿದು, ಮೂಗಿಗೆ ಹತ್ತುವ ಹುಳಿ ವಾಸನೆಯೂ ಬಂದರೆ ಒಳಗಿನ ಮದ್ದು ಕೊಳೀತಾ ಇದೆ ಅಂತ. ಅದನ್ನು ಠಾಣೆಯಲ್ಲಿ ಬಾಯಿಬಿಟ್ಟು ಹೇಳಿ, ಬರೆಸಿ. ಕೆರೆಗೆ ಎಸೆಯೋದು, ತೋಟದಲ್ಲಿ ಹೂಳೋದು ಮಾಡ್ಬೇಡಿ.

ತುಕ್ಕಿಗೆ ಕಾರಣ ಹಳೇ ಕೇಪಿನ ಕ್ಲೋರೇಟ್. ಉರಿದ ಮೇಲೆ ಅದು ಉಪ್ಪಾಗಿ ನಳಿಗೆಯಲ್ಲಿ ಕೂರುತ್ತೆ, ನಮ್ಮ ಮಲೆನಾಡಿನ ಮಳೆಗಾಲದ ತೇವ ಹೀರಿ ಕಬ್ಬಿಣ ತಿನ್ನುತ್ತೆ. ಬರೀ ಎಣ್ಣೆ ಬಿಟ್ಟರೆ ಉಪ್ಪು ಕರಗೋಲ್ಲ. ಹಳಬರು ಈಡು ಹೊಡೆದ ದಿನವೇ ನಳಿಗೆಗೆ ಬಿಸಿನೀರು ಸುರಿದು, ಒರೆಸಿ, ಒಣಗಿಸಿ ಆಮೇಲೆ ಎಣ್ಣೆ ಹಚ್ತಿದ್ದರು. ಅದೇ ಸರಿ. ಆದರೆ ಈಗ ನೀವು ಕೈಹಚ್ಚಬೇಡಿ. ಮೊದಲು ಜಮಾ ಆಗಲಿ. ಒಯ್ಯುವ ಮುಂಚೆ ಠಾಣೆಗೆ ಫೋನ್ ಮಾಡಿ, ಯಾವಾಗ ತರಲಿ, ಹೇಗೆ ತರಲಿ ಅಂತ ಕೇಳಿ. ಅಪ್ಪನ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ ಜೊತೆಗಿರಲಿ.