ಕೋಕಾ-ಕೋಲಾ 600 ರೇಸಿಗೆ ಅಪ್ಪನ್ನ ಕರ್ಕೊಂಡು ಹೋಗ್ಬೇಕು, ಹೋಗಿ ಬಂದವರು ಹೇಳಿ

ನಾವಿರೋದು ಅಮೆರಿಕದ ಶಾರ್ಲೆಟ್ ಹತ್ರ. ಅಪ್ಪ ದಾವಣಗೆರೆಯಿಂದ ಬಂದಿದಾರೆ, ಎಪ್ಪತ್ತು ವರ್ಷ, ಲಾರಿ ಗ್ಯಾರೇಜ್ ನಡೆಸಿದವರು. ಮೆಮೋರಿಯಲ್ ಡೇ (ಸತ್ತ ಸೈನಿಕರನ್ನ ನೆನೆಯೋ ಮೇ ತಿಂಗಳ ಸೋಮವಾರದ ರಜೆ) ವೀಕೆಂಡಿನ 600 ಮೈಲಿ ನಾಸ್ಕಾರ್ ಕಾರ್ ರೇಸ್ ನೋಡೋ ಆಸೆ ಅವರಿಗೆ. ಒಂಬತ್ತು ವರ್ಷದ ಮಗಾನೂ ಬರ್ತಾನೆ. ಅಷ್ಟು ಹೊತ್ತು ಕೂರೋಕಾಗತ್ತಾ? ಸೀಟ್ ಎಲ್ಲಿ ತಗೊಳ್ಳೋದು?

ಉತ್ತರ 1

ಖಂಡಿತ ಕರ್ಕೊಂಡು ಹೋಗಿ ಸರ್, ಗ್ಯಾರೇಜ್ ನಡೆಸಿದವರಿಗೆ ಇದಕ್ಕಿಂತ ಒಳ್ಳೆ ರೇಸ್ ಇಲ್ಲ. ನಾನು ಮೂರು ಸಲ ಹೋಗಿದೀನಿ, ಎರಡು ಸಲ ಮಾವನ ಜೊತೆ.

ಸೀಟ್ ವಿಷ್ಯ ಮೊದ್ಲು. ಕೆಳಗಿನ ಸಾಲು ಬೇಡವೇ ಬೇಡ, ಬೇಲಿ ಅಡ್ಡ ಬರತ್ತೆ, ಎದುರಿಗೆ ಸುಂಯ್ ಅಂತ ಹೋಗೋ ಕಾರು ಬಿಟ್ರೆ ಏನೂ ಕಾಣಲ್ಲ, ಟೈರಿಂದ ಕಿತ್ತ ರಬ್ಬರ್ ಚೂರು ಬೇರೆ ಬಂದು ಬೀಳತ್ತೆ. ಆದಷ್ಟು ಮೇಲಿನ ಸಾಲಲ್ಲಿ, ಪಿಟ್ ರೋಡ್ (ಕಾರುಗಳು ಟೈರ್, ಪೆಟ್ರೋಲಿಗೆ ಬಂದು ನಿಲ್ಲೋ ದಾರಿ) ಎದುರಿಗೆ ತಗೊಳ್ಳಿ. ಟ್ರ್ಯಾಕ್ ಒಂದೂವರೆ ಮೈಲಿ, ಮೇಲಿಂದ ಪೂರ್ತಿ ಕಾಣತ್ತೆ, ತಿರುವಲ್ಲಿ 24 ಡಿಗ್ರಿ ವಾಲಿರೋ ರಸ್ತೆ ಮೇಲೆ ಸಾಲಾಗಿ ಕಾರುಗಳು ಬರೋದು ಅಲ್ಲಿಂದಲೇ ಚೆಂದ.

400 ಸುತ್ತು ಅಂದ್ರೆ ಎಲ್ಲಾ ನೋಡ್ಬೇಕು ಅಂತ ಹಟ ಬೇಡ. ಒಂದು ಕಾರು ಆರಿಸ್ಕೊಳ್ಳಿ, ಸ್ಕ್ಯಾನರ್ ಅನ್ನೋ ರೇಡಿಯೋ ಬಾಡಿಗೆಗೆ ತಗೊಂಡು ಆ ಡ್ರೈವರ್ ತನ್ನ ಟೀಮ್ ಜೊತೆ ಮಾತಾಡೋದು ಕೇಳಿ. ಸಂಜೆ ಆರರ ಸುಮಾರಿಗೆ ಬಿಸಿಲಲ್ಲೇ ಶುರುವಾಗತ್ತೆ, ಟ್ರ್ಯಾಕ್ ಕಾದಿರತ್ತೆ, ಕಾರು ಜಾರ್ತಾ ಇರತ್ತೆ. ಕತ್ತಲಾದ ಮೇಲೆ ಟ್ರ್ಯಾಕ್ ತಣ್ಣಗಾಗಿ ಹಿಡಿತ ಬರತ್ತೆ, ಆಗ ಅದೇ ಕಾರಿನವನು ‘ಟೈಟ್ ಆಗಿದೆ’ ಅಂತಾನೆ, ಅಂದ್ರೆ ತಿರುವಲ್ಲಿ ಮೂತಿ ತಿರುಗ್ತಿಲ್ಲ ಅಂತ. ಮುಂದಿನ ಪಿಟ್ ಸ್ಟಾಪಲ್ಲಿ ನೋಡಿ, ಒಬ್ಬ ಉದ್ದನೆ ಸ್ಪ್ಯಾನರ್ ತಗೊಂಡು ಹಿಂದಿನ ಗಾಜಿನ ತೂತಲ್ಲಿ ಹಾಕಿ ತಿರುವ್ತಾನೆ, ಸಸ್ಪೆನ್ಶನ್ ಸರಿ ಮಾಡೋಕೆ. ಸಂಜೆ ಮುಂದಿದ್ದ ಕಾರು ರಾತ್ರಿ ಹಿಂದೆ ಬೀಳೋದು ಟ್ರ್ಯಾಕ್ ಹೀಗೆ ಬದಲಾಗೋದಕ್ಕೇನೇ. ನಮ್ಮ ಮಾವ ಐದು ಜನ ಗೋಡೆ ಹಾರಿ ಬಂದು ಹತ್ತು ಸೆಕೆಂಡ್ ಆಸುಪಾಸಲ್ಲಿ ನಾಲ್ಕು ಟೈರ್ ಬದಲಾಯಿಸಿ ಪೆಟ್ರೋಲ್ ಹಾಕಿದ್ದು ನೋಡಿ, ಜಾಕ್ ಹಿಡಿದವನಿಂದ ಆಮೇಲೆ ಕಣ್ಣೇ ತೆಗೀಲಿಲ್ಲ. 2022ರಿಂದ ಒಂದು ಚಕ್ರಕ್ಕೆ ಒಂದೇ ನಟ್, ಮೊದ್ಲು ಐದಿತ್ತು, ಅಪ್ಪಂಗೆ ಇದು ಹೇಳಿ.

ಪ್ರತಿ 100 ಸುತ್ತಿಗೊಂದು ಸ್ಟೇಜ್, ಅಂದ್ರೆ ರೇಸಿನ ಒಂದು ಭಾಗ, ಮುಗಿದು ಹಳದಿ ಬಾವುಟ ಬೀಳತ್ತೆ, ಕಾರುಗಳು ನಿಧಾನ ಆಗ್ತವೆ. ಎಲ್ಲರೂ ಆಗ್ಲೇ ಟಾಯ್ಲೆಟ್‌ಗೆ ಏಳ್ತಾರೆ, ಆದ್ರೆ ಒಳ್ಳೆ ಪಿಟ್ ಸ್ಟಾಪ್‌ಗಳು ಇರೋದೂ ಆಗ್ಲೇ, ನೀವು ಕೂತಿರಿ. ರೇಸ್ ಮತ್ತೆ ಶುರುವಾಗಿ ಹತ್ತು-ಹದಿನೈದು ಸುತ್ತಾದ ಮೇಲೆ ಅಪ್ಪನ್ನ ಕರ್ಕೊಂಡು ಹೋಗಿ, ಕ್ಯೂ ಇರಲ್ಲ.

ಅರ್ಧ ರೇಸಿಗೆ ಒಂದು ವಿಷ್ಯ ಇದೆ, ಆಗ ಮಾತ್ರ ಸೀಟ್ ಬಿಡ್ಬೇಡಿ. ಎಲ್ಲಾ ಕಾರೂ ಪಿಟ್ ರೋಡಿಗೆ ಬಂದು ಇಂಜಿನ್ ಆಫ್ ಮಾಡ್ತಾರೆ, ಯುದ್ಧದಲ್ಲಿ ಸತ್ತ ಸೈನಿಕರಿಗೆ ಮೌನ. ಕಾರುಗಳ ಮುಂದಿನ ಗಾಜಿನ ಮೇಲೆ ಡ್ರೈವರ್ ಹೆಸರಿರಲ್ಲ, ಸತ್ತ ಸೈನಿಕರ ಹೆಸರಿರತ್ತೆ. ಎರಡು ಗಂಟೆಯಿಂದ ಎದೆಗೆ ಗುದ್ದುತಿದ್ದ ಸದ್ದು ಒಮ್ಮೆಗೇ ನಿಂತಾಗ ಬಾವುಟದ ಹಗ್ಗ ಕಂಬಕ್ಕೆ ಬಡಿಯೋದು ಕೇಳಿಸ್ತು ನಮಗೆ. ಮಾವ ಟೋಪಿ ತೆಗೆದು ಎದ್ದು ನಿಂತ್ರು, ಯಾರೂ ಹೇಳಿರಲಿಲ್ಲ.

ಉತ್ತರ 2

ಮಗುವಿನ ಕಿವಿ ಬಗ್ಗೆ ಯಾರೂ ಹೇಳಿಲ್ವಲ್ಲ ಅಣ್ಣ. ಹತ್ತಿ ಸಾಕಾಗಲ್ಲ, ಕಿವಿ ಪೂರ್ತಿ ಮುಚ್ಚೋ ಇಯರ್‌ಮಫ್ ಮೊದ್ಲೇ ಕೊಳ್ಳಿ, ಮನೇಲಿ ಎರಡು ದಿನ ಹಾಕಿಸಿ ಅಭ್ಯಾಸ ಮಾಡ್ಸಿ. ನಮ್ಮವಳು ಸೆಕೆ ಅಂತ ಕಿತ್ತು ಹಾಕಿ ಆಮೇಲೆ ಅತ್ತಳು, ಅರ್ಧ ಗಂಟೆ ಒಳಗಿನ ಕಾರಿಡಾರಲ್ಲೇ ಕಳೆದ್ವಿ. ಅಪ್ಪಂಗೂ ಒಂದು ಜೊತೆ ಇರಲಿ. ಮೆತ್ತನೆ ಬಟ್ಟೆಯ ಸಣ್ಣ ಕೂಲರ್ ಬಿಡ್ತಾರೆ, ಗಾಜಿನ ಬಾಟಲಿ ಬಿಡಲ್ಲ, ಅಳತೆ ಟಿಕೆಟ್ ಜೊತೆ ಬರೋ ನಿಯಮದಲ್ಲಿ ನೋಡ್ಕೊಳ್ಳಿ. ನಾವು ಮೊಸರನ್ನ, ಪುಳಿಯೋಗರೆ ತಗೊಂಡು ಹೋಗಿದ್ವಿ. ಕೂರೋಕೆ ದಿಂಬು ಮರೀಬೇಡಿ.

ಕೇಳಿದವರು

ತುಂಬಾ ಥ್ಯಾಂಕ್ಸ್ ಅಕ್ಕ, ಸರ್. ಮಳೆ ಬಂದ್ರೆ?

ಉತ್ತರ 3

ಟೈರಿಗೆ ಗೆರೆನೇ ಇಲ್ಲ, ಮಳೇಲಿ ಇಲ್ಲಿ ಓಡ್ಸಲ್ಲ, ಒಣಗ್ಸೋ ಗಾಡಿ ಬಿಟ್ಟು ಕಾಯ್ತಾರೆ. 2023ರಲ್ಲಿ ಸೋಮವಾರಕ್ಕೆ ಹೋಯ್ತು, ಅದಕ್ಕೇ ಸೋಮವಾರ ಬೇರೆ ಪ್ಲಾನ್ ಇಟ್ಕೋಬೇಡಿ. 2024ರಲ್ಲಿ 249 ಸುತ್ತಿಗೇ ನಿಲ್ಲಿಸಿ ಕ್ರಿಸ್ಟಫರ್ ಬೆಲ್ ಗೆದ್ದ ಅಂದ್ರು, ಅರ್ಧ ದಾಟಿದ್ರೆ ಪೂರ್ತಿ ರೇಸ್ ಲೆಕ್ಕ. ಉಲ್ಟಾನೂ ಆಗತ್ತೆ, 2022ರಲ್ಲಿ ಓವರ್‌ಟೈಮ್ (ಕೊನೇಲಿ ಹಳದಿ ಬಾವುಟ ಬಿದ್ರೆ ಕೊಡೋ ಹೆಚ್ಚುವರಿ ಸುತ್ತು) ಸೇರಿ 413 ಸುತ್ತು, ಐದು ಗಂಟೆ ಮೇಲೆ. ಅಪ್ಪ ಮಧ್ಯೆ ಸುಸ್ತಾದ್ರೆ 300ನೇ ಸುತ್ತಿಗೆ ಹೊರಡಬಹುದು, ಆದ್ರೆ ಅವರನ್ನೇ ಕೇಳಿ ನಿರ್ಧಾರ ಮಾಡಿ. 2025ರಲ್ಲಿ ರಾಸ್ ಚಾಸ್ಟೇನ್ ಕೊನೇ ಸ್ಥಾನದಿಂದ ಶುರು ಮಾಡಿ ಗೆದ್ದಿದ್ದು, ಮುನ್ನಡೆ ಸಿಕ್ಕಿದ್ದು ಕೊನೇ ಸುತ್ತುಗಳಲ್ಲಿ. ಪಾರ್ಕಿಂಗಲ್ಲಿ ಹತ್ತಿರದ ಬೋರ್ಡಿನ ಫೋಟೋ ತೆಗೆದಿಟ್ಕೊಳ್ಳಿ, ರಾತ್ರಿ ಅಷ್ಟೊಂದು ಕಾರುಗಳ ಮಧ್ಯೆ ಹುಡುಕ್ತಾ ಅವರನ್ನ ನಡೆಸ್ಬೇಡಿ. ಫ್ಲಾಸ್ಕಲ್ಲಿ ಸ್ವಲ್ಪ ಕಾಫಿ ಕಾರಲ್ಲೇ ಬಿಟ್ಟಿರಿ, ಹೊರಗೆ ಬರೋಕೆ ಒಂದು ಗಂಟೆ ಮೇಲೇ ಬೇಕು.