ಮೋಡಿ ಪತ್ರಗಳ ಲಿಪ್ಯಂತರ, ಅನುವಾದ: ಎಲ್ಲಿಂದ ಶುರು ಮಾಡಬೇಕು?

ಹಳೇದಫ್ತರ:
ಇತಿಹಾಸದಲ್ಲಿ ಎಂ.ಎ. ಆಗಿದೆ, ಮರಾಠಿ ಓದಲು ಬರುತ್ತದೆ. ಪೇಶ್ವೆ ಕಾಲದ ಮೋಡಿ (ಮರಾಠಿಯ ಹಳೇ ಕೂಡುಬರಹದ ಲಿಪಿ) ಪತ್ರಗಳನ್ನು ಕನ್ನಡಕ್ಕೆ ತರುವುದನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿದ್ದೇನೆ. ಅಕ್ಷರ ಕಲಿತರೂ ಪತ್ರ ಓದಲಾಗುತ್ತಿಲ್ಲ. ತಾರೀಖಂತೂ ಬಗೆಹರಿಯುತ್ತಲೇ ಇಲ್ಲ.

ಬೋರುಲೇಖನಿ:
ಮೋಡಿಯಲ್ಲಿ ಮೊದಲು ತಲೆಗೆರೆ ಎಳೆದು, ಅದರ ಕೆಳಗೆ ಆದಷ್ಟೂ ಕೈ ಎತ್ತದೆ ಬರೆಯುತ್ತಿದ್ದರು. ಪದಗಳ ನಡುವೆ ತೆರಪಿಲ್ಲ, ವಿರಾಮಚಿಹ್ನೆಯಿಲ್ಲ, ಇ-ಈ ಭೇದವೂ ಇಲ್ಲ. ಅಕ್ಷರಮಾಲೆಯಷ್ಟೇ ಸಾಲದಿರುವುದು ಅದಕ್ಕೇ.

ಗೊತ್ತಿರುವ ಮಾತಿನಿಂದ ಒಳಹೊಗಿ. ಮೇಲೆ ‘ಗೋಸಾವಿ ಯಾಂಸಿ’ ಎಂಬ ಸಂಬೋಧನೆ, ಕೊನೆಗೆ ‘ಬಹುತ ಕಾಯ ಲಿಹಿಣೆ’ (ಹೆಚ್ಚೇನು ಬರೆಯುವುದು) ಬಹಳ ಪತ್ರಗಳಲ್ಲಿ ಸಿಗುತ್ತವೆ. ಆ ಲಿಪಿಕಾರನ ಗ, ಸ, ಬ, ಹ, ತ, ಲ ಹೇಗಿವೆ ಎಂದು ಅಲ್ಲಿಂದ ಎತ್ತಿ ಪಟ್ಟಿ ಮಾಡಿ, ನಡುವಿನ ಸಾಲುಗಳಿಗೆ ಹೋಗಿ. ಕೈಬರಹ ಬದಲಾದರೆ ಪಟ್ಟಿಯೂ ಹೊಸದು.

ಮೊದಲ ಪ್ರತಿ ದೇವನಾಗರಿಯಲ್ಲಿ, ಸಾಲಿಗೆ ಸಾಲು, ಏನೂ ತಿದ್ದದೆ ಇರಲಿ. ಹರಿದ ಜಾಗಕ್ಕೆ ಚೌಕ ಕಂಸ ಹಾಕಿ. ಪದ ಬಿಡಿಸುವುದು ಎರಡನೇ ಪ್ರತಿಯಲ್ಲಿ, ಕನ್ನಡ ಆಮೇಲೆ. ನೇರವಾಗಿ ಕನ್ನಡಕ್ಕಿಳಿಸಿದರೆ ಊಹೆ ಯಾವುದು, ಮೂಲ ಯಾವುದು ಎಂಬುದೇ ಅಳಿಸಿಹೋಗುತ್ತದೆ. ದಯವಿಟ್ಟು ಈ ಅಡ್ಡದಾರಿ ಹಿಡಿಯಬೇಡಿ.

ಶುಹೂರ್‌ಸನ್:
ತಾರೀಖಿನ ಬಗ್ಗೆ. ವರ್ಷ ಶುಹೂರ್ ಸನ್ ಎಂಬ ಗಣನೆಯದು; ಅರಬ್ಬಿ ಸಂಖ್ಯಾಪದಗಳಲ್ಲಿ, ಬಿಡಿಸ್ಥಾನದಿಂದ ಶುರುವಾಗುತ್ತದೆ. ‘ಇಹಿದೆ ಸಬೈನ್ ಮಯಾ ವ ಅಲಫ್’ ಅಂದರೆ 1+70+100+1000, ಶುಹೂರ್ ಸನ್ 1171. ವರ್ಷಾರಂಭ ಮೃಗಶಿರೆಗೆ, ಮೇ ಕೊನೆ-ಜೂನ್ ಮೊದಲ ಭಾಗದಲ್ಲಿ. ಅಲ್ಲಿಂದ ಡಿಸೆಂಬರ್‌ವರೆಗೆ 599 ಕೂಡಿಸಿ, ಜನವರಿಯಿಂದ 600; ಇಸವಿ ಸಿಗುತ್ತದೆ. ತಪ್ಪಾಗುವುದು ಇಲ್ಲೇ, ಏಕೆಂದರೆ ತಿಂಗಳು ಹಿಜರಿಯದು (ಮುಸ್ಲಿಮರ ಚಾಂದ್ರಮಾನ ಪಂಚಾಂಗ), ಪ್ರತಿ ವರ್ಷ ಸರಿಯುತ್ತದೆ. ‘ಛ 5 ರಮಜಾನ’ ಎಂದಿದ್ದರೆ ಛ ಅಂದರೆ ಚಂದ್ರ. ಆ ವರ್ಷದ ರಮಜಾನ್ 5 ಬೀಳುವುದು 1770ರ ಡಿಸೆಂಬರ್‌ನಲ್ಲಿ, ಆದ್ದರಿಂದ 599. ಹಿಜರಿ ಕೋಷ್ಟಕ ಪಕ್ಕದಲ್ಲಿಲ್ಲದೆ ಇಸವಿ ಬರೆಯಲೇಬೇಡಿ. ವರ್ಷ ಫಸಲಿಯಲ್ಲಿದ್ದರೆ (ಕಂದಾಯದ ಗಣನೆ) 590-591, ಶಾಲಿವಾಹನ ಶಕದಲ್ಲಿದ್ದರೆ 78-79 ಕೂಡಿಸಿ.

ಗಡಿನಾಡು:
ಮರಾಠಿಯವರು ಎಡವುವಲ್ಲಿ ಕನ್ನಡದವರಿಗೆ ಅನುಕೂಲವಿದೆ: ಊರಿನ ಹೆಸರು. ಮೋಡಿಯಲ್ಲಿ ಎ-ಏ, ಒ-ಓ ಬೇರೆಯಲ್ಲ, ಹಾಗಾಗಿ ನಕ್ಷೆ ನೋಡಿಯೇ ನಿರ್ಧರಿಸಿ. ‘ಬಿದನೂರು’ ಅಂದರೆ ಶಿವಮೊಗ್ಗ ಜಿಲ್ಲೆಯ ಇಂದಿನ ‘ನಗರ’ ಎಂಬ ಊರು. ‘ಹೈದರ ನಾಯಕ’ ಹೈದರಾಲಿ.

ಹೊಟ್ಟೆಪಾಡು ಬರೀ ಇತಿಹಾಸದಿಂದ ನಡೆಯದು. ಹಳೇ ಜಮೀನು ಕಾಗದ, ಇನಾಮು ಪತ್ರಗಳ ಲಿಪ್ಯಂತರವೇ ಕೈಹಿಡಿಯುವ ಕೆಲಸ. 2023ರಲ್ಲಿ ಮಹಾರಾಷ್ಟ್ರದಲ್ಲಿ ಕುಣಬಿ ಜಾತಿಯ ಹಳೇ ದಾಖಲೆಗಳ ಹುಡುಕಾಟ ಶುರುವಾದಾಗ ಮೋಡಿ ಬಲ್ಲವರಿಗೆ ಬೇಡಿಕೆ ಏರಿತು. ಪುಟಕ್ಕಿಷ್ಟು ಎಂದು ಮಾತಾಡುವ ಮುನ್ನ ಫೋಟೊ ತರಿಸಿಕೊಂಡು ನೋಡಿ. ಶಾಯಿ ಹರಡಿದ ಒಂದು ಪುಟಕ್ಕೆ ಒಳ್ಳೆಯ ಪುಟದ ಹಲವು ಪಟ್ಟು ಹೊತ್ತು ಹಿಡಿಯುತ್ತದೆ.